ಬೆಂಚಿನ ಕಾಲಿನಿಂದ ಮನುಷ್ಯನ ಕಾಲಿಗೆ: ‘ಶ್ಯಾಂಬಲ್’ ಪದದ ಅರ್ಥ ಮತ್ತು ಮೂಲ ಹುಡುಕುವ ಸಮಗ್ರ ಮಾರ್ಗದರ್ಶಿ

ಕೆಲವು ವರ್ಷಗಳ ಹಿಂದೆ ಒಂದು ಇಂಗ್ಲಿಷ್ ಕಥೆಯನ್ನು ಕನ್ನಡಕ್ಕೆ ತರುತ್ತಿದ್ದೆ. ಊರಿಗೆ ಬಂದ ಮಗಳು ಬಾಗಿಲು ತಟ್ಟುತ್ತಾಳೆ. ವಯಸ್ಸಾದ ಅಪ್ಪ ಒಳಗಿನ ಕೋಣೆಯಿಂದ ಎದ್ದು ಬಂದು ಚಿಲಕ ತೆಗೆಯುತ್ತಾನೆ. ಅವನು ಬಂದ ರೀತಿಗೆ ಕಥೆಯಲ್ಲಿ ಇದ್ದ ಕ್ರಿಯಾಪದ ‘ಶ್ಯಾಂಬಲ್’ (shamble). ಕೈಗೆ ಸಿಕ್ಕ ಪದಕೋಶದಲ್ಲಿ ‘ಓಲಾಡುತ್ತ ನಡೆ’ ಅಂತ ಇತ್ತು. ನಾನು ‘ತೂರಾಡುತ್ತ ಬಂದ’ ಅಂತ ಬರೆದು ಮುಂದಕ್ಕೆ ಹೋದೆ. ಅಚ್ಚಾದ ಮೇಲೆ ಓದಿದ ಗೆಳತಿ ಕೇಳಿದಳು: “ಅವರಪ್ಪ ಕುಡೀತಿದ್ರಾ?”

ಕಥೆಯಲ್ಲಿ ಆತ ಒಂದು ಹನಿ ಮುಟ್ಟಿದವನಲ್ಲ. ಒಂಟಿಯಾಗಿ ಬದುಕಿ ಬದುಕಿ ಸೋತಿದ್ದ ಅಷ್ಟೇ. ಅವನ ಸೋಲು ಪೂರ್ತಿ ಆ ಒಂದು ಕ್ರಿಯಾಪದದಲ್ಲೇ ಇತ್ತು. ಅದನ್ನು ನಾನು ಕಳೆದುಬಿಟ್ಟಿದ್ದೆ. ಆ ಬೇಸರ ಇನ್ನೂ ಹೋಗಿಲ್ಲ. ಅಂದಿನಿಂದ ನಡಿಗೆಯ ಕ್ರಿಯಾಪದ ಸಿಕ್ಕರೆ ಸುಮ್ನೆ ದಾಟಿ ಹೋಗುವುದಿಲ್ಲ. ಅದರ ಬುಡದ ತನಕ ಹೋಗಿ ನೋಡುತ್ತೇನೆ. ಹೇಗೆ ಹೋಗುವುದು ಅನ್ನುವುದನ್ನು ಇಲ್ಲಿ ಹಂತ ಹಂತವಾಗಿ ಹೇಳುತ್ತೇನೆ. ಉದಾಹರಣೆಗೆ ಅದೇ ‘ಶ್ಯಾಂಬಲ್’ ಇರಲಿ. ಅನುವಾದ ಮಾಡುವವರಿಗೆ, ಇಂಗ್ಲಿಷ್ ಕಲಿಸುವವರಿಗೆ, ಪದಗಳ ಬಗ್ಗೆ ಪ್ರೀತಿ ಇರುವ ಯಾರಿಗಾದರೂ ಇದು ಉಪಯೋಗಕ್ಕೆ ಬರುತ್ತದೆ.

ಬೇಕಾಗುವ ಸಾಮಾನು ಕಡಿಮೆ. ಕಲಿಯುವವರಿಗಾಗಿ ಮಾಡಿದ ಒಂದು ಇಂಗ್ಲಿಷ್ ಪದಕೋಶ, ಪದದ ಇತಿಹಾಸ ಹೇಳುವ ಇನ್ನೊಂದು ಪದಕೋಶ, ಒಂದು ಒಳ್ಳೆಯ ಕನ್ನಡ ನಿಘಂಟು, ಒಂದು ನೋಟ್‌ಬುಕ್. ಜೊತೆಗೆ ಒಂದೆರಡು ಗಂಟೆ ಬಿಡುವು.

ಹಂತ 1: ಪದಕೋಶ ತೆರೆಯುವ ಮೊದಲು ಕಾಲು ನೋಡಿ

ವಾಕ್ಯವನ್ನು ಮತ್ತೆ ಓದಿ. ಯಾರು ನಡೆಯುತ್ತಿದ್ದಾರೆ? ವಯಸ್ಸೆಷ್ಟು? ಕಾಲಿನಲ್ಲಿ ಏನಿದೆ? ನೆಲ ಎಂಥದ್ದು? ಎಲ್ಲಿಂದ ಎಲ್ಲಿಗೆ ಹೋಗುತ್ತಿದ್ದಾರೆ, ಅವಸರ ಇದೆಯಾ? ಇವುಗಳಿಗೆ ಉತ್ತರ ಬರೆದುಕೊಳ್ಳಿ. ಮೊದಲೇ ಪದಕೋಶ ನೋಡಿದರೆ ಅದು ಕೊಟ್ಟ ಮೊದಲ ಪದ ಮನಸ್ಸಿಗೆ ಅಂಟಿಕೊಳ್ಳುತ್ತದೆ. ಆಮೇಲೆ ಕಾಲು ಕಾಣುವುದೇ ಇಲ್ಲ. ನನಗಾದದ್ದು ಅದೇ.

ಆಮೇಲೆ ಆ ನಡಿಗೆಯನ್ನು ಎಲ್ಲಾದರೂ ಕಣ್ಣಾರೆ ನೋಡಲು ಆಗುತ್ತದಾ ಯೋಚಿಸಿ. ಶ್ಯಾಂಬಲ್ ಏನು ಅಂತ ನನಗೆ ಪೂರ್ತಿ ತಿಳಿದದ್ದು ಪುಸ್ತಕದಲ್ಲಿ ಅಲ್ಲ, ದರೋಜಿಯಲ್ಲಿ. ಹೊಸಪೇಟೆ ಹತ್ತಿರದ ಈ ಕರಡಿಧಾಮ ಶುರುವಾದದ್ದು 1994ರಲ್ಲಿ. ಅಲ್ಲಿ ವೀಕ್ಷಣಾ ಗೋಪುರದ ಎದುರಿಗೆ ಒಂದು ಕಲ್ಲುಗುಡ್ಡ ಇದೆ. ಸಿಬ್ಬಂದಿ ಬಂಡೆಗಳಿಗೆ ಸಿಹಿ ಬಳಿದು ಬರುತ್ತಾರೆ. ಬಿಸಿಲು ತಗ್ಗಿದ ಮೇಲೆ ಕರಡಿಗಳು ಒಂದೊಂದಾಗಿ ಹೊರಗೆ ಬರುತ್ತವೆ.

ನಾನು ನೋಡಿದ ಮೊದಲ ಕರಡಿ ಎರಡು ಬಂಡೆಗಳ ಸಂದಿಯಿಂದ ಬಂತು. ಮುಂಗಾಲಿನ ಪಾದಗಳು ಒಳಕ್ಕೆ ತಿರುಗಿದ್ದವು. ಉಗುರು ಉದ್ದ. ಪಾದವನ್ನು ಎತ್ತಿ ಇಡುತ್ತಿರಲಿಲ್ಲ, ಮುಂದಕ್ಕೆ ಬೀಸಿ ಬಿಡುತ್ತಿತ್ತು. ತೋಳಿನ ಕೂದಲು ಒಂದು ಕಡೆಗೆ ಜೋತರೆ ಸೊಂಟ ಇನ್ನೊಂದು ಕಡೆಗೆ. ಮೈಯೊಳಗೆ ಎಲ್ಲವನ್ನೂ ಸಡಿಲವಾಗಿ ಕಟ್ಟಿಟ್ಟ ಹಾಗೆ ಕಾಣುತ್ತಿತ್ತು. ಆದರೆ ಬೀಳುವ ಭಯ ಒಂಚೂರೂ ಇಲ್ಲ. ಅದು ನೇರವಾಗಿ ಸಿಹಿ ಇದ್ದ ಬಂಡೆಗೇ ಹೋಯಿತು. ನಮ್ಮ ಕರಡಿಯ ನಡಿಗೆಯನ್ನು ಇಂಗ್ಲಿಷಿನಲ್ಲಿ ಬರೆಯುವವರು ಮತ್ತೆ ಮತ್ತೆ ಬಳಸುವ ಪದ ಶ್ಯಾಂಬಲ್. ಆ ಸಂಜೆ ನನ್ನ ನೋಟ್‌ಬುಕ್ಕಿನಲ್ಲಿ ಮೂರು ಸಾಲು ಬರೆದೆ: ಹೆಜ್ಜೆ ಪೂರ್ತಿ ಏಳುವುದಿಲ್ಲ. ಮೈ ಸಡಿಲ. ಆಯ ತಪ್ಪುವುದಿಲ್ಲ.

ಮೂರನೆಯ ಸಾಲು ಮುಖ್ಯ. ತೂರಾಡುವವನು ಆಯ ತಪ್ಪುತ್ತಾನೆ, ಶ್ಯಾಂಬಲ್ ಮಾಡುವವನು ತಪ್ಪುವುದಿಲ್ಲ.

ಹಂತ 2: ಅಕ್ಕಪಕ್ಕದ ಪದಗಳಿಂದ ಬೇರೆ ಮಾಡಿ

ಕೆಟ್ಟದಾಗಿ ನಡೆಯುವುದಕ್ಕೆ ಇಂಗ್ಲಿಷಿನಲ್ಲಿ ಪದಗಳು ಜಾಸ್ತಿ. ಇವನ್ನೆಲ್ಲ ಒಂದೇ ಮೂಟೆಗೆ ತುಂಬಬೇಡಿ. ಪ್ರತಿ ಪದಕ್ಕೂ ಈ ಪ್ರಶ್ನೆಗಳನ್ನು ಹಾಕಿ: ಪಾದ ನೆಲ ಬಿಡುತ್ತದಾ? ಮೈ ಪಕ್ಕಕ್ಕೆ ವಾಲುತ್ತದಾ? ನೋವು ಇದೆಯಾ? ಬೀಳುವ ಹಾಗಿದೆಯಾ? ಭಾರ ಕಾಣುತ್ತದಾ?

‘ಶಫಲ್’ ಅಂದರೆ ಪಾದ ನೆಲ ಬಿಡುವುದಿಲ್ಲ, ಚಪ್ಪಲಿ ಸರಕ್ ಸರಕ್ ಅನ್ನುತ್ತದೆ. ಅಲ್ಲಿ ಕಾಣುವುದು ಪಾದ ಮಾತ್ರ. ಶ್ಯಾಂಬಲ್‌ನಲ್ಲಿ ಕಾಲೆಳೆಯುವುದರ ಜೊತೆಗೆ ಇಡೀ ಮೈ ಜೋಲು ಬಿದ್ದಿರುತ್ತದೆ. ‘ಸ್ಟ್ಯಾಗರ್’ ನಮ್ಮ ತೂರಾಡು. ಕುಡಿದವನು, ಪೆಟ್ಟು ತಿಂದವನು, ತಲೆ ಸುತ್ತಿದವನು ಮಾಡುವುದು ಅದು. ‘ಹಾಬಲ್’, ‘ಲಿಂಪ್’ ಎರಡರಲ್ಲೂ ನೋವು ಅಥವಾ ಊನ ಇದೆ, ಕನ್ನಡದ ಕುಂಟು. ‘ಸ್ಟಂಬಲ್’ ಅಂದರೆ ಎಡವು, ಮುಗ್ಗರಿಸು. ಅದು ಒಂದು ಕ್ಷಣದಲ್ಲಿ ಆಗುವಂಥದ್ದು, ನಡಿಗೆಯ ರೀತಿ ಅಲ್ಲ. ‘ಟಾಟರ್’ ಆಗ ತಾನೇ ನಡೆಯಲು ಕಲಿತ ಮಗುವಿನದ್ದು. ‘ಲಂಬರ್’ ಭಾರದ ಮೈಯದ್ದು. ‘ಟ್ರಜ್’ ದೂರದ ದಾರಿಯಲ್ಲಿ ದಣಿದವರದ್ದು. ‘ವಾಡಲ್’ ಬಾತುಕೋಳಿಯದ್ದು, ತುಂಬು ಬಸುರಿಯದ್ದೂ ಹೌದು.

ಈ ಪಟ್ಟಿ ನಿಮ್ಮ ಕೈಬರಹದಲ್ಲೇ ಇರಲಿ. ಒಂದು ಸಲ ಮಾಡಿಟ್ಟರೆ ವರ್ಷಗಟ್ಟಲೆ ಕೆಲಸಕ್ಕೆ ಬರುತ್ತದೆ.

ಹಂತ 3: ಪದಕೋಶದ ನಮೂದನ್ನು ಕೊನೆಯ ಸಾಲಿನ ತನಕ ಓದಿ

ಕಲಿಯುವವರ ಪದಕೋಶ ಇವತ್ತಿನ ಅರ್ಥವನ್ನು ಸರಿಯಾಗಿ ಹೇಳುತ್ತದೆ. ಸೋಮಾರಿಯಾಗಿ ಅಥವಾ ಅಂದಗೆಟ್ಟು, ಕಾಲು ಎಳೆಯುತ್ತ ನಡೆಯುವುದು ಅನ್ನುವ ಅರ್ಥ ಅಲ್ಲಿ ಸಿಗುತ್ತದೆ. ಇತಿಹಾಸಕ್ಕೆ ಬೇರೆ ಕಡೆ ಹೋಗಬೇಕು. ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿ ಈ ಕೆಲಸಕ್ಕೆ ದೊಡ್ಡದು. ಅದರ ಮೊದಲ ಕಂತು 1884ರಲ್ಲಿ ಬಂತು, ಮೊದಲ ಆವೃತ್ತಿ ಮುಗಿದದ್ದು 1928ರಲ್ಲಿ. ಊರೂರಿನ ಓದುಗರು ಚೀಟಿಗಳಲ್ಲಿ ಉದಾಹರಣೆ ಬರೆದು ಕಳಿಸಿ ಕಟ್ಟಿದ ಪದಕೋಶ ಅದು. ಆನ್‌ಲೈನ್‌ನಲ್ಲಿ ಪೂರ್ತಿ ನೋಡಲು ಹಣ ಕೊಡಬೇಕು. ದೊಡ್ಡ ಗ್ರಂಥಾಲಯಗಳಲ್ಲಿ ಹಳೆಯ ಸಂಪುಟಗಳು ಸಿಗುತ್ತವೆ. ಮೆರಿಯಂ-ವೆಬ್‌ಸ್ಟರ್ ಆನ್‌ಲೈನ್‌ನಲ್ಲಿ ಉಚಿತ. ಪದ ಮೊದಲು ಯಾವಾಗ ಬಳಕೆಗೆ ಬಂತು ಅಂತ ಅದರಲ್ಲೂ ಇರುತ್ತದೆ.

ನಮೂದು ತೆರೆದರೆ ‘ಶ್ಯಾಂಬಲ್’ ಒಂದೇ ಪದವಲ್ಲ ಅಂತ ಗೊತ್ತಾಗುತ್ತದೆ. ಒಂದು ನಾಮಪದ, ಒಂದು ಗುಣವಾಚಕ, ಒಂದು ಕ್ರಿಯಾಪದ. ಮೂರನ್ನೂ ಓದಿ. ಬಹಳ ಜನ ಕ್ರಿಯಾಪದ ಮಾತ್ರ ನೋಡಿ ಪುಟ ಮುಚ್ಚುತ್ತಾರೆ. ಮೂಲ ಇರುವುದು ಪಕ್ಕದ ನಮೂದಿನಲ್ಲಿ.

ಇನ್ನೊಂದು ಮಾತು. ವ್ಯುತ್ಪತ್ತಿಯ ಸಾಲಿನಲ್ಲಿ ‘ಬಹುಶಃ’, ‘ಇರಬಹುದು’ ಅಂತ ಇದ್ದರೆ ಆ ಮಾತನ್ನೂ ಹಾಗೇ ಬರೆದುಕೊಳ್ಳಿ. ಪದಕೋಶ ಮಾಡಿದವರು ಆ ಒಂದು ಪದ ಹಾಕುವ ಮೊದಲು ನೂರಾರು ಉದಾಹರಣೆ ತೂಗಿ ನೋಡಿರುತ್ತಾರೆ. ನಾವು ಅದನ್ನು ಬಿಟ್ಟು ‘ಇದರ ಮೂಲ ಇದೇ’ ಅಂತ ಹೇಳಿದರೆ ಅವರ ಶ್ರಮಕ್ಕೆ ಅನ್ಯಾಯ. ಮುಂದೆ ಹೇಳುವ ಬೆಂಚಿನ ಕಥೆಗೂ ಈ ‘ಬಹುಶಃ’ ಅಂಟಿಕೊಂಡೇ ಇದೆ.

ಹಂತ 4: ಇಸವಿಗಳನ್ನು ಸಾಲಾಗಿ ಇಡಿ

ಸಿಕ್ಕ ಕಾಲವನ್ನೆಲ್ಲ ಒಂದರ ಕೆಳಗೆ ಒಂದು ಬರೆಯಿರಿ. ನಮ್ಮ ಪದಕ್ಕೆ ಅದು ಹೀಗೆ ಬರುತ್ತದೆ.

ಎಲ್ಲಕ್ಕಿಂತ ಹಳೆಯದು ನಾಮಪದ. ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ಅದು ‘ಸ್ಕಮೊಲ್’. ಅರ್ಥ ಗಿಡ್ಡ ಮಣೆ, ಕಾಲ್ಮಣೆ. ಸಾಮಾನಿಟ್ಟು ಮಾರುವ ಬೆಂಚಿಗೂ ಅದೇ ಪದ. 1300ರಿಂದ 1400ರ ಹೊತ್ತಿಗೆ ಮಾಂಸ, ಮೀನು ಮಾರುವ ಜಾಗಕ್ಕೆ ಆ ಹೆಸರು ಬಂತು. ಗುಣವಾಚಕ ಕಾಣುವುದು 1600ರ ಸುಮಾರಿಗೆ, ‘ಶ್ಯಾಂಬಲ್ ಲೆಗ್ಸ್’ ಎಂಬ ಜೋಡಿಯಲ್ಲಿ. ಸೊಟ್ಟ, ಅಂದಗೆಟ್ಟ ಕಾಲುಗಳು ಅಂತ. ಕ್ರಿಯಾಪದ ಬರುವುದು ಎಲ್ಲಕ್ಕಿಂತ ಕೊನೆಗೆ, 1680ರ ದಶಕದಲ್ಲಿ.

ಈ ಸಾಲೇ ಅರ್ಧ ಕಥೆ ಹೇಳಿಬಿಡುತ್ತದೆ. ಮೊದಲು ಬೆಂಚು. ಆಮೇಲೆ ಬೆಂಚಿನ ಕಾಲಿನಂಥ ಕಾಲು. ಆಮೇಲೆ ಅಂಥ ಕಾಲಿನವರು ನಡೆಯುವ ರೀತಿ.

ಹಂತ 5: ಪದದ ಹಿಂದಿರುವ ವಸ್ತುವನ್ನು ಹುಡುಕಿ

ನನಗೆ ಎಲ್ಲಕ್ಕಿಂತ ಇಷ್ಟದ ಹಂತ ಇದು. ‘ಬೆಂಚಿನ ಕಾಲಿನಂತೆ’ ಅಂತ ಓದಿದರೆ ಸಾಲದು. ಯಾವ ಬೆಂಚು? ಅದರ ಕಾಲು ಹೇಗಿತ್ತು?

ಸಂತೆಯ ಕಟುಕರ ಬೆಂಚಿಗೆ ಮೇಜಿನ ಹಾಗೆ ನೆಟ್ಟಗೆ ನಿಂತ ನಾಲ್ಕು ಕಾಲು ಇರಲಿಲ್ಲ. ಸಂತೆ ಮುಗಿದ ಮೇಲೆ ಬಿಚ್ಚಿ ಒಯ್ಯಬೇಕು. ಅದಕ್ಕೆ ಎರಡು ಕಡೆ ಕುದುರೆಯಂಥ ಮರದ ಚೌಕಟ್ಟು, ಮೇಲೆ ಒಂದು ದಪ್ಪ ಹಲಗೆ. ಚೌಕಟ್ಟಿನ ಕಾಲುಗಳು ಮೇಲೆ ಹತ್ತಿರ, ಕೆಳಗೆ ದೂರ. ಹೊರಕ್ಕೆ ಚಾಚಿಕೊಂಡು ನಿಂತಿರುತ್ತವೆ. ನಮ್ಮಲ್ಲಿ ಬಡಗಿಗಳು ಹಲಗೆ ಕೊಯ್ಯುವಾಗ, ಶಾಮಿಯಾನದವರು ಊಟದ ಮೇಜು ಹಾಕುವಾಗ ಇಂಥ ಚೌಕಟ್ಟು ನೋಡಿರುತ್ತೀರಿ.

ನಾನು ನಮ್ಮ ಬೀದಿಯ ಬಡಗಿ ಅಣ್ಣನ ಅಂಗಡಿಗೆ ಹೋಗಿ ಒಂದು ಸಂಜೆ ಅದನ್ನೇ ನೋಡುತ್ತ ಕೂತಿದ್ದೆ. ಅವರು ಅದನ್ನು ಒಬ್ಬರೇ ಇನ್ನೊಂದು ಮೂಲೆಗೆ ಸಾಗಿಸಬೇಕಿತ್ತು. ಎತ್ತಲಿಲ್ಲ. ಒಂದು ಬದಿಯನ್ನು ಮುಂದಕ್ಕೆ ತಳ್ಳಿದರು, ಆಮೇಲೆ ಇನ್ನೊಂದು ಬದಿಯನ್ನು. ಎಡಗಡೆ ಕಾಲು ನೆಲ ಉಜ್ಜಿಕೊಂಡು ಮುಂದೆ ಬಂತು. ಮೇಲಿನ ಮರ ಒಮ್ಮೆ ವಾಲಿತು. ಆಮೇಲೆ ಬಲಗಡೆಯದು ಬಂತು. ಗರ್, ಟಕ್. ಗರ್, ಟಕ್. ಮೈಯೆಲ್ಲ ಅಲ್ಲಾಡಿದರೂ ಬೀಳಲಿಲ್ಲ. ದರೋಜಿಯ ಕರಡಿ ನೆನಪಾಯಿತು.

ಇಲ್ಲಿ ಒಂದು ಚೆಂದದ ವಿಷಯ ಇದೆ. ಮೇಜಿಗೆ, ಮಂಚಕ್ಕೆ, ಬೆಂಚಿಗೆ ‘ಕಾಲು’ ಅನ್ನುವ ಹೆಸರು ಕೊಟ್ಟವರು ನಾವು. ಕನ್ನಡದಲ್ಲೂ ಹಾಗೇ, ಇಂಗ್ಲಿಷಿನಲ್ಲೂ ಹಾಗೇ. ನಮ್ಮ ಮೈಯಿಂದ ತೆಗೆದು ಮರಕ್ಕೆ ಕೊಟ್ಟ ಪದ ಅದು. ಶ್ಯಾಂಬಲ್‌ನಲ್ಲಿ ಇಂಗ್ಲಿಷಿನವರು ಮರದ ಕಾಲನ್ನು ಮನುಷ್ಯನಿಗೆ ವಾಪಸ್ ಕೊಟ್ಟಿದ್ದಾರೆ.

ಹಂತ 6: ಧ್ವನಿ ಬದಲಾದ ದಾರಿಯನ್ನು ಪರೀಕ್ಷಿಸಿ

ಅರ್ಥ ಕೂಡಿ ಬಂದರೆ ಸಾಲದು, ಧ್ವನಿಯೂ ಕೂಡಿ ಬರಬೇಕು. ‘ಸ್ಕಮೊಲ್’ ಹೇಗೆ ‘ಶ್ಯಾಂಬಲ್’ ಆಯಿತು? ಎರಡು ತಿರುವು ಇವೆ.

ಮೊದಲನೆಯದು ‘ಸ್ಕ’ ಇದ್ದದ್ದು ‘ಶ’ ಆದದ್ದು. ಹಳೆಯ ಇಂಗ್ಲಿಷಿನಲ್ಲಿ ಇದು ಒಂದೆರಡು ಪದಕ್ಕೆ ಆದದ್ದಲ್ಲ, ಸಾಲುಸಾಲಾಗಿ ಆದದ್ದು. ಬರಹದಲ್ಲಿ ‘ಸ್ಕಿಪ್’ ಇದ್ದದ್ದು ಇಂದಿನ ‘ಶಿಪ್’. ‘ಫಿಸ್ಕ್’ ಇದ್ದದ್ದು ‘ಫಿಶ್’. ‘ಸ್ಕಮು’ ಇದ್ದದ್ದು ‘ಶೇಮ್’. ಹಾಗಾಗಿ ‘ಸ್ಕಮೊಲ್’ ಮುಂದೆ ‘ಶಾಮೆಲ್’ ಆಗುವುದು ನಿಯಮದಂತೆಯೇ ಇದೆ. ಒಂದೇ ಪದಕ್ಕೆ ಮಾತ್ರ ಆದ ಬದಲಾವಣೆ ಅಂತ ಯಾರಾದರೂ ಹೇಳಿದರೆ ಅನುಮಾನ ಪಡಿ. ಸಾಲಾಗಿ ಆಗಿದ್ದರೆ ನಂಬಬಹುದು.

ಎರಡನೆಯದು ನಡುವೆ ‘ಬ’ ನುಗ್ಗಿದ್ದು. ಇದನ್ನು ನಿಮ್ಮ ಬಾಯಲ್ಲೇ ಪರೀಕ್ಷೆ ಮಾಡಬಹುದು. ‘ಶಾಮ್‌ಲ್’ ಅಂತ ನಾಲ್ಕೈದು ಸಲ ಬೇಗ ಬೇಗ ಹೇಳಿ. ‘ಮ’ಗೆ ತುಟಿ ಮುಚ್ಚಿರುತ್ತದೆ. ‘ಲ’ಗೆ ಹೋಗುವಾಗ ಆ ತುಟಿ ಬಿಡುತ್ತದೆ. ಬಿಡುವಾಗ ಸಣ್ಣಗೆ ಒಂದು ‘ಬ’ ಕೇಳುತ್ತದೆ, ಅಲ್ವಾ? ಕಾಲ ಕಳೆದ ಹಾಗೆ ಅದು ಬರಹಕ್ಕೂ ಬಂತು. ಹೊಲಿಗೆಯವರು ಬೆರಳಿಗೆ ಹಾಕಿಕೊಳ್ಳುವ ‘ಥಿಂಬಲ್’ನಲ್ಲೂ ಮೊದಲು ‘ಬ’ ಇರಲಿಲ್ಲ. ಮುಳ್ಳುಪೊದೆಗೆ ಹೇಳುವ ‘ಬ್ರಾಂಬಲ್’ನಲ್ಲೂ ಇರಲಿಲ್ಲ.

ನಮ್ಮ ಕಡೆಯೂ ಇದು ಆಗಿದೆ. ಸಂಸ್ಕೃತದ ‘ಆಮ್ರ’ ಪ್ರಾಕೃತದಲ್ಲಿ ‘ಅಂಬ’ ಆಯಿತು. ಕರಾವಳಿಯಲ್ಲಿ ಕೊಂಕಣಿಯವರ ಮನೆಯಲ್ಲಿ ಮಾವಿನಹಣ್ಣಿಗೆ ‘ಆಂಬೊ’ ಅನ್ನುವುದನ್ನು ಕೇಳಿರುತ್ತೀರಿ. ‘ತಾಮ್ರ’ ಹಿಂದಿಯಲ್ಲಿ ‘ತಾಂಬಾ’. ಅಲ್ಲೂ ‘ಮ’ ಆದ ಮೇಲೆ ಅದೇ ‘ಬ’. ಯಾವ ದೇಶದವರಾದರೂ ತುಟಿ ಒಂದೇ ಥರ ತಾನೇ?

ಒಂದು ಎಚ್ಚರಿಕೆ ಇಲ್ಲೇ ಹೇಳಿಬಿಡುತ್ತೇನೆ. ವಾಡಲ್, ಹಾಬಲ್, ಶಫಲ್ ಎಲ್ಲ ‘ಲ್’ನಲ್ಲಿ ಮುಗಿಯುತ್ತವೆ. ಇಂಗ್ಲಿಷಿನಲ್ಲಿ ಮತ್ತೆ ಮತ್ತೆ ಆಗುವ ಸಣ್ಣ ಚಲನೆಗೆ ಇಂಥದೊಂದು ಪ್ರತ್ಯಯ ಇದೆ. ನೀರಲ್ಲಿ ಕಾಲಿಟ್ಟು ನಡೆಯುವ ‘ವೇಡ್’ಗೆ ಅದು ಸೇರಿ ‘ವಾಡಲ್’ ಆಯಿತು. ಶ್ಯಾಂಬಲ್ ಕೂಡ ಹಾಗೇ ಅಂತ ಅನ್ನಿಸುತ್ತದೆ. ಬೆಂಚಿನ ಮೂಲವೇ ಸರಿಯಾಗಿದ್ದರೆ ಇದರ ‘ಲ್’ ಬೇರೆ. ಅದು ಲ್ಯಾಟಿನ್‌ನಿಂದ ಬಂದದ್ದು. ಅಲ್ಲಿ ‘ಸ್ಕಾಮ್ನುಮ್’ ಅಂದರೆ ಬೆಂಚು, ‘ಸ್ಕಾಮೆಲ್ಲುಮ್’ ಅಂದರೆ ಪುಟ್ಟ ಬೆಂಚು. ಪುಟ್ಟದು ಅಂತ ಹೇಳಲು ಸೇರಿಸಿದ ‘ಲ’ ಅದು. ಈ ಪದವನ್ನು ಜರ್ಮನ್ ಕುಲದ ಭಾಷೆಗಳು ಬಹಳ ಹಿಂದೆಯೇ ಲ್ಯಾಟಿನ್‌ನಿಂದ ಕಡ ಪಡೆದವು. ಜರ್ಮನಿಯಲ್ಲಿ ಇವತ್ತಿಗೂ ಗಿಡ್ಡ ಮಣೆಗೆ ‘ಶೇಮೆಲ್’ ಅನ್ನುತ್ತಾರೆ.

ಪ್ರಾಸ ನೋಡಿಯೂ ಮೋಸ ಹೋಗಬೇಡಿ. ‘ಆ್ಯಂಬಲ್’ ಅಂದರೆ ನಿಧಾನವಾಗಿ ಆರಾಮಾಗಿ ನಡೆಯುವುದು. ಕೇಳಲು ಅಣ್ಣತಮ್ಮನ ಹಾಗಿದೆ. ಆದರೆ ಅದು ‘ನಡೆ’ ಅನ್ನುವ ಲ್ಯಾಟಿನ್ ಪದದಿಂದ ಫ್ರೆಂಚ್ ಮೂಲಕ ಬಂದದ್ದು. ಬೆಂಚಿಗೂ ಅದಕ್ಕೂ ಸಂಬಂಧ ಇಲ್ಲ.

ಹಂತ 7: ಪದದ ಒಡಹುಟ್ಟನ್ನು ಬೇರೆ ಕಾಗದದಲ್ಲಿ ಬರೆಯಿರಿ

ಪತ್ರಿಕೆಗಳಲ್ಲಿ ‘ಶ್ಯಾಂಬಲ್ಸ್’ ಅಂತ ಓದಿರುತ್ತೀರಿ. ಆರ್ಥಿಕತೆ ಶ್ಯಾಂಬಲ್ಸ್, ಮನೆ ಶ್ಯಾಂಬಲ್ಸ್. ಅಸ್ತವ್ಯಸ್ತ ಅನ್ನುವ ಅರ್ಥ. ಕ್ರಿಯಾಪದದ ಅರ್ಥವನ್ನು ಇದರಿಂದ ತೆಗೆಯಬೇಡಿ. ಎರಡೂ ಬಹುಶಃ ಒಂದೇ ಬೆಂಚಿನಿಂದ ಹೊರಟು ಬೇರೆ ಬೇರೆ ದಾರಿ ಹಿಡಿದವು. ಕ್ರಿಯಾಪದ ಬೆಂಚಿನ ಕಾಲನ್ನು ಹಿಡಿಯಿತು. ನಾಮಪದ ಬೆಂಚಿನ ಮೇಲಿದ್ದ ಮಾಂಸವನ್ನು ಹಿಡಿಯಿತು.

ನಾಮಪದದ ದಾರಿ ಹೀಗಿದೆ. ಮಾರುವ ಬೆಂಚಿನಿಂದ ಮಾಂಸದ ಮಾರುಕಟ್ಟೆ. ಅಲ್ಲಿಂದ 16ನೇ ಶತಮಾನದಲ್ಲಿ ಕಸಾಯಿಖಾನೆ. ಅದೇ ಶತಮಾನದ ಕೊನೆಗೆ ರಕ್ತಪಾತ ಆದ ಜಾಗ. 20ನೇ ಶತಮಾನದ ಆರಂಭದ ಹೊತ್ತಿಗೆ ರಕ್ತ ಒಣಗಿ ಬರೀ ಗೊಂದಲ ಉಳಿಯಿತು. 1611ರ ಕಿಂಗ್ ಜೇಮ್ಸ್ ಬೈಬಲ್‌ನಲ್ಲಿ ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರದಲ್ಲಿ ಈ ಪದ ಇದೆ. ಅಲ್ಲಿ ಅದರ ಅರ್ಥ ಮಾಂಸದ ಅಂಗಡಿ ಅಷ್ಟೇ. ಇಂದಿನ ಅರ್ಥ ಹಿಡಿದು ಓದಿದರೆ ಆ ವಾಕ್ಯ ತಲೆಬುಡ ತಿಳಿಯುವುದಿಲ್ಲ.

ಇಂಗ್ಲೆಂಡಿನ ಯಾರ್ಕ್ ನಗರದಲ್ಲಿ ‘ದ ಶ್ಯಾಂಬಲ್ಸ್’ ಅನ್ನುವ ಓಣಿ ಇನ್ನೂ ಇದೆ. ಹಿಂದೆ ಅದು ಕಟುಕರ ಬೀದಿ. ಮರದ ಚೌಕಟ್ಟಿನ ಹಳೆಯ ಮನೆಗಳು ಮೇಲಕ್ಕೆ ಹೋದ ಹಾಗೆ ಬೀದಿಯ ಕಡೆಗೆ ಬಾಗಿವೆ. ಈಗ ಅಲ್ಲಿ ಒಂದೂ ಮಾಂಸದಂಗಡಿ ಉಳಿದಿಲ್ಲ. ಆದರೆ ಕೆಲವು ಅಂಗಡಿಗಳ ಹೊರಗೆ ಮಾಂಸ ತೂಗುಹಾಕುತ್ತಿದ್ದ ಕೊಕ್ಕೆಗಳು, ಮಾಂಸ ಇಡುತ್ತಿದ್ದ ಅಗಲ ಹಲಗೆಗಳು ಹಾಗೇ ಇವೆ. ಪದಕೋಶದ ಒಂದು ಸಾಲು ಗೋಡೆಗೆ ಮೊಳೆ ಹೊಡೆದು ನಿಂತ ಹಾಗೆ.

ಇದರ ಹೊಸ ಮಕ್ಕಳೂ ಇವೆ. 1970ರ ಸುಮಾರಿಗೆ ‘ಶ್ಯಾಂಬಾಲಿಕ್’ ಬಂತು, ಅಸ್ತವ್ಯಸ್ತವಾದ ಅಂತ. 2009ರಲ್ಲಿ ಬ್ರಿಟನ್ನಿನ ಒಂದು ಟಿವಿ ಧಾರಾವಾಹಿಯಲ್ಲಿ ‘ಆಮ್ನಿಶ್ಯಾಂಬಲ್ಸ್’ ಹುಟ್ಟಿತು. ಎಲ್ಲ ದಿಕ್ಕಿನಿಂದಲೂ ಕೆಟ್ಟುಹೋದದ್ದು ಅಂತ. 2012ರಲ್ಲಿ ಆಕ್ಸ್‌ಫರ್ಡ್‌ನವರು ಬ್ರಿಟನ್ನಿನ ವರ್ಷದ ಪದ ಅಂತ ಅದನ್ನೇ ಆರಿಸಿದರು.

ಹಂತ 8: ಇನ್ನೂ ಕೆಳಗೆ ಇಳಿಯಿರಿ, ಆದರೆ ಕೈಯಲ್ಲಿ ದೀಪ ಇರಲಿ

ಲ್ಯಾಟಿನ್‌ನ ‘ಸ್ಕಾಮ್ನುಮ್’ಗೂ ಹಿಂದೆ ಏನಿತ್ತು? ಅಲ್ಲಿ ಬರಹ ಇಲ್ಲ. ಅಕ್ಕತಂಗಿ ಭಾಷೆಗಳನ್ನು ಹೋಲಿಸಿ ವಿದ್ವಾಂಸರು ಧಾತುವನ್ನು ಊಹಿಸಿ ಕಟ್ಟುತ್ತಾರೆ. ಹಾಗೆ ಕಟ್ಟಿದ್ದಕ್ಕೆ ಮುಂದೆ ಒಂದು ನಕ್ಷತ್ರದ ಗುರುತು ಹಾಕುತ್ತಾರೆ. ಆ ಗುರುತು ಕಂಡರೆ ‘ಇದು ಎಲ್ಲೂ ಬರೆದಿಟ್ಟದ್ದಲ್ಲ, ಲೆಕ್ಕ ಹಾಕಿ ಪಡೆದದ್ದು’ ಅಂತ ತಿಳಿಯಬೇಕು. ಈ ದಾರಿಗೆ ದೊಡ್ಡ ಒತ್ತು ಸಿಕ್ಕಿದ್ದು 1786ರಲ್ಲಿ, ಕಲ್ಕತ್ತದಲ್ಲಿ ಅಲ್ಲಿನ ನ್ಯಾಯಾಧೀಶ ವಿಲಿಯಂ ಜೋನ್ಸ್ ಮಾಡಿದ ಭಾಷಣದಿಂದ. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಒಂದೇ ಮೂಲದಿಂದ ಬಂದಿರಬೇಕು ಅಂತ ಅವರು ಹೇಳಿದರು.

ಬೆಂಚಿನ ಪದಕ್ಕೆ ವಿದ್ವಾಂಸರು ಕಟ್ಟಿದ ಧಾತು ‘ಸ್ಕಭ್’. ಅರ್ಥ ಆಧಾರ ಕೊಡು, ಊರೆ ಕೊಡು. ಸಂಸ್ಕೃತದಲ್ಲಿ ಅದೇ ಧಾತು ‘ಸ್ಕಂಭ’ ಆಗಿ ನಿಂತಿದೆ. ಅಥರ್ವವೇದದ ಹತ್ತನೆಯ ಕಾಂಡದಲ್ಲಿ ಜಗತ್ತನ್ನೆಲ್ಲ ಎತ್ತಿ ಹಿಡಿದ ಸ್ಕಂಭದ ಸೂಕ್ತ ಇದೆ. ಆ ಸ್ಕಂಭ ಪ್ರಾಕೃತದಲ್ಲಿ ‘ಖಂಭ’ ಆಯಿತು. ಕನ್ನಡಕ್ಕೆ ಬಂದು ‘ಕಂಬ’ ಆಯಿತು.

ಇದನ್ನು ಮೊದಲ ಸಲ ಕಂಡಾಗ ನಾನು ಪುಸ್ತಕ ಕೆಳಗಿಟ್ಟು ಎದ್ದು ನಿಂತೆ. ನಮ್ಮ ಅಜ್ಜಿಯ ಮನೆಯ ಪಡಸಾಲೆಯ ಕಂಬ ಕಣ್ಣ ಮುಂದೆ ಬಂತು. ಅಜ್ಜಿ ಅದಕ್ಕೆ ಒರಗಿಯೇ ಅಡಿಕೆ ಕತ್ತರಿಸುತ್ತಿದ್ದರು. ಆ ಕಂಬಕ್ಕೂ, ಯಾರ್ಕಿನ ಕಟುಕರ ಬೆಂಚಿಗೂ, ಕಥೆಯಲ್ಲಿ ಬಾಗಿಲ ಕಡೆಗೆ ಬರುತ್ತಿದ್ದ ಆ ಅಪ್ಪನ ಕಾಲಿಗೂ ಬಹುಶಃ ಒಂದೇ ಬುಡ.

ಇಲ್ಲಿ ಎರಡು ಕಡೆ ಹುಷಾರಾಗಿರಬೇಕು. ಶಾಲೆಯಲ್ಲಿ ನಾವು ಓದಿದ್ದು ‘ಸ್ತಂಭ–ಕಂಬ’ ಅಂತ. ಸ್ತಂಭ, ಸ್ಕಂಭ ಎರಡಕ್ಕೂ ಅರ್ಥ ಒಂದೇ ಆದ್ದರಿಂದ ಅದು ತಪ್ಪು ಅಂತ ಜಗಳ ಬೇಡ. ಆದರೆ ‘ಸ್ತ’ ಪ್ರಾಕೃತದಲ್ಲಿ ಸಾಮಾನ್ಯವಾಗಿ ‘ಥ’ ಆಗುತ್ತದೆ. ಹಸ್ತ ‘ಹತ್ಥ’ ಆದ ಹಾಗೆ. ‘ಖ’ ಬರಬೇಕಾದರೆ ಹಿಂದೆ ‘ಸ್ಕ’ ಇದ್ದರೆ ದಾರಿ ನೇರ. ಭಾಷೆಯ ಇತಿಹಾಸ ಬಲ್ಲವರು ಸ್ಕಂಭದ ಕಡೆ ಕೈ ತೋರಿಸುವುದು ಇದಕ್ಕೇ.

ಎರಡನೆಯದು, ಇದರಿಂದ ಕನ್ನಡಕ್ಕೂ ಇಂಗ್ಲಿಷಿಗೂ ರಕ್ತಸಂಬಂಧ ಅಂತ ಹೇಳಿಬಿಡಬಾರದು. ಕನ್ನಡ ದ್ರಾವಿಡ ಕುಟುಂಬದ ಭಾಷೆ. ತೆಲುಗು, ತಮಿಳು, ಕನ್ನಡ ಸಂಸ್ಕೃತದಿಂದ ಹುಟ್ಟಿದವಲ್ಲ ಅಂತ 1816ರಲ್ಲೇ ಮದರಾಸಿನ ಬ್ರಿಟಿಷ್ ಅಧಿಕಾರಿ ಎಫ್. ಡಬ್ಲ್ಯೂ. ಎಲ್ಲಿಸ್ ಬರೆದರು. ‘ಕಂಬ’ ನಾವು ಕಡ ತಂದ ಪದ. ‘ಕಾಲು’ ನಮ್ಮದೇ. ಪದ ಪಕ್ಕದ ಮನೆಯಿಂದ ಬಂದದ್ದಾ, ಹೊಟ್ಟೆಯಲ್ಲೇ ಹುಟ್ಟಿದ್ದಾ ಅಂತ ಪ್ರತಿ ಸಲ ಕೇಳಿಕೊಳ್ಳಿ. ಇದಕ್ಕೆ ಕಿಟೆಲ್ ನಿಘಂಟು ಒಳ್ಳೆಯ ಜೊತೆ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಆ ನಿಘಂಟು ತದ್ಭವ ಯಾವುದು ಅಂತ ಗುರುತಿಸಿ ತೋರಿಸುತ್ತದೆ. ಹಳೆಯ ಪ್ರಯೋಗ ಬೇಕಾದರೆ ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟದ ನಿಘಂಟು ನೋಡಿ.

ಎಲ್ಲ ಪದಕ್ಕೂ ಇಷ್ಟು ದೂರ ಹೋಗಬೇಕಾಗಿಲ್ಲ. ಕೆಲವಕ್ಕೆ ಹುಟ್ಟಿದ ವರ್ಷವೇ ಗೊತ್ತು. ‘ಗಲಂಫ್’ ಅನ್ನುವ ಇನ್ನೊಂದು ನಡಿಗೆಯ ಪದವನ್ನು 1871ರಲ್ಲಿ ಲೂಯಿಸ್ ಕ್ಯಾರಲ್ ತಮ್ಮ ಪದ್ಯಕ್ಕಾಗಿ ಕಟ್ಟಿದರು. ಗ್ಯಾಲಪ್, ಟ್ರಯಂಫ್ ಎರಡನ್ನೂ ಬೆಸೆದು ಮಾಡಿದ ಹಾಗಿದೆ. ಗೆದ್ದು ಬಂದವನ ಕುಣಿತದ ಓಟಕ್ಕೆ ಹುಟ್ಟಿದ ಪದ, ಈಗ ದಪದಪ ಅಂದಗೆಟ್ಟು ಓಡಾಡುವುದಕ್ಕೆ ಬಳಕೆಯಾಗುತ್ತಿದೆ. ಅದರ ಬುಡ ಹುಡುಕಲು ಹತ್ತು ನಿಮಿಷ ಸಾಕು.

ಹಂತ 9: ಕನ್ನಡಕ್ಕೆ ತನ್ನಿ

ಈಗ ಮೊದಲಿನ ಮೂರು ಸಾಲಿಗೆ ವಾಪಸ್ ಬನ್ನಿ. ಹೆಜ್ಜೆ ಪೂರ್ತಿ ಏಳುವುದಿಲ್ಲ, ಮೈ ಸಡಿಲ, ಆಯ ತಪ್ಪುವುದಿಲ್ಲ. ಇದಕ್ಕೆ ಕನ್ನಡದಲ್ಲಿ ಒಂದೇ ಪದ ಇಲ್ಲ. ಒಂದೇ ಪದ ಬೇಕು ಅಂತ ಹಟ ಹಿಡಿದರೆ ನನ್ನ ಹಾಗೆ ‘ತೂರಾಡು’ಗೆ ಹೋಗಿ ಬೀಳುತ್ತೀರಿ. ಕನ್ನಡ ಇಂಥ ಕೆಲಸವನ್ನು ಜೋಡಿಕ್ರಿಯೆಯಿಂದ ಮಾಡುತ್ತದೆ. ಕಾಲೆಳೆದುಕೊಂಡು ಬಂದ, ಜೋಲುತ್ತ ಹೋದ, ಮೈ ಜೋಲು ಬಿಟ್ಟು ನಡೆದ. ‘ಕಾಲೆಳೆ’ ಅನ್ನುವಾಗ ಮಾತ್ರ ಎಚ್ಚರ. ‘ಅವನ ಕಾಲೆಳೆದರು’ ಅಂದರೆ ಕೀಟಲೆ ಮಾಡಿದರು ಅಂತ ಆಗುತ್ತದೆ. ‘ಕಾಲೆಳೆದುಕೊಂಡು’ ಅಂದರೆ ಆ ತೊಂದರೆ ಇಲ್ಲ.

ಯಾರು ನಡೆಯುತ್ತಿದ್ದಾರೆ ಅನ್ನುವುದರ ಮೇಲೆ ಮಾತು ಬದಲಾಗಲಿ. ಕರಡಿಗೆ: ‘ಮೈ ಕುಲುಕಿಸುತ್ತ, ಪಾದ ಬೀಸಿಬಿಡುತ್ತ ಬಂಡೆಯ ಕಡೆಗೆ ಹೋಯಿತು.’ ಬೆಳಿಗ್ಗೆ ಎದ್ದು ಕಾಫಿಗೆ ಬರುವ ಹದಿನೇಳರ ಹುಡುಗನಿಗೆ: ‘ನಿದ್ದೆಗಣ್ಣಲ್ಲಿ ಕಾಲೆಳೆದುಕೊಂಡು ಅಡುಗೆಮನೆಗೆ ಬಂದ.’ ಹಳೆಯ ವರ್ಣನೆಯಲ್ಲಿ ಕಾಲಿನ ಆಕಾರವೇ ಮುಖ್ಯವಾಗಿದ್ದರೆ ‘ಸೊಟ್ಟಗಾಲು ಹಾಕುತ್ತ’ ಹೊಂದುತ್ತದೆ.

ಬರೆದ ಮೇಲೆ ಯಾರಿಗಾದರೂ ಗಟ್ಟಿಯಾಗಿ ಓದಿ ಹೇಳಿ. ಮೂಲದ ವಿಷಯ ಹೇಳಬೇಡಿ. ‘ಈ ಮನುಷ್ಯ ಹೇಗಿದ್ದಾನೆ ಅನ್ನಿಸುತ್ತೆ?’ ಅಂತ ಮಾತ್ರ ಕೇಳಿ. ಅವರು ‘ಕುಡಿದಿದ್ದಾನೆ’ ಅಂದರೆ ಹಂತ 2ಕ್ಕೆ ಹಿಂತಿರುಗಿ. ‘ಕಾಲು ನೋವಾ?’ ಅಂದರೂ ಅಲ್ಲಿಗೇ. ‘ಪಾಪ, ಸುಸ್ತಾಗಿದ್ದಾನೆ’ ಅಂದರೆ ಸರಿಯಾಗಿದೆ.

ಕೊನೆಗೆ ಒಂದು ಕಾರ್ಡಿನಲ್ಲಿ ಎಲ್ಲವನ್ನೂ ಬರೆದಿಡಿ. ನನ್ನದು ಹೀಗಿದೆ: ‘ಶ್ಯಾಂಬಲ್, ಕ್ರಿಯಾಪದ, 1680ರ ದಶಕ. ಕಾಲೆಳೆದುಕೊಂಡು, ಮೈ ಸಡಿಲ ಬಿಟ್ಟು ನಡೆ. ಬಹುಶಃ ಕಟುಕರ ಬೆಂಚಿನ ಚಾಚಿದ ಕಾಲಿನಿಂದ. ಲ್ಯಾಟಿನ್ ಸ್ಕಾಮೆಲ್ಲುಮ್, ಪುಟ್ಟ ಬೆಂಚು. ಸ್ಕಂಭ, ಕಂಬ ನೋಡು. ತೂರಾಡು ಅಲ್ಲ.’

ಆ ಕಥೆ ಕಳೆದ ವರ್ಷ ಮತ್ತೆ ಅಚ್ಚಿಗೆ ಹೋಯಿತು. ಆ ವಾಕ್ಯ ಈಗ ಹೀಗಿದೆ: ‘ಒಳಗಿನ ಕೋಣೆಯಿಂದ ಅಪ್ಪ ಮೈ ಜೋಲು ಬಿಟ್ಟುಕೊಂಡು, ಕಾಲೆಳೆಯುತ್ತ, ಬಾಗಿಲ ತನಕ ಬಂದ.’